ವೇಣುವಿನ ಗಾಡಿಯ ಪ್ಲಗ್

ಸಾವಿನ ಮನೆಗೆ ಬರುವ ನೆಂಟರು ಬರಿಗೈಯಲ್ಲಿ ಬರುವುದಿಲ್ಲ, ಒಂದೊಂದು ಕಾರಣ ಹೊತ್ತುಕೊಂಡೇ ಬರುತ್ತಾರೆ. ಬೈಕುಗಳ ಡ್ರ್ಯಾಗ್ ರೇಸಿನಲ್ಲಿ ಬಿದ್ದು ಸತ್ತ ವೇಣುವಿಗೂ ಆಗಲೇ ಮೂರು ಕಾರಣ ಸಿಕ್ಕಿದ್ದವು. ರಸ್ತೆಯಲ್ಲಿ ಉಬ್ಬು ಇತ್ತು ಅಂದರು ಒಬ್ಬರು, ಚೈನು ಕಳಚಿತು ಅಂದರು ಇನ್ನೊಬ್ಬರು. ದೃಷ್ಟಿ ತಗುಲಿತು ಅಂದಳು ಗೌರಿಬಿದನೂರಿನ ಅತ್ತೆ. ಅವನ ಅಕ್ಕ ತನುಜ ಎಲ್ಲಕ್ಕೂ ತಲೆಯಾಡಿಸುತ್ತ ತಿಥಿಯ ಅಡುಗೆಗೆ ಈರುಳ್ಳಿ ಹೆಚ್ಚುತ್ತಿದ್ದಳು. ಈರುಳ್ಳಿಗೂ ಅವಳ ಕಣ್ಣಲ್ಲಿ ನೀರು ಬರಲಿಲ್ಲ. ಸುದ್ದಿ ಬಂದಾಗಿನಿಂದ ಅವಳಿಗೆ ಏನೂ ಅನ್ನಿಸುತ್ತಿರಲಿಲ್ಲ.

ನಾಲ್ಕನೆಯ ಕಾರಣವೊಂದು ಅವಳ ಹತ್ತಿರವೇ ಇತ್ತು. ಆ ಗಾಡಿಯ ಇಂಜಿನ್ನಿಗೆ ಕಿಡಿ ಕೊಡುವ ಪ್ಲಗ್ ಆರಿಸಿದ್ದು ಅವಳು.

ಶಿಡ್ಲಘಟ್ಟದಲ್ಲಿ ಅಕ್ಕ ತಮ್ಮ ಸೇರಿ ಗ್ಯಾರೇಜ್ ಇಟ್ಟಿದ್ದರು. ಅವನು ಓಡಿಸುವವನು, ಇವಳು ಇಂಜಿನ್ ಕೂರಿಸುವವಳು. ಈ ರೇಸಿಗೆಂದು ಕಂಪ್ರೆಷನ್, ಅಂದರೆ ಇಂಜಿನ್ನಿನೊಳಗಿನ ಒತ್ತಡ, ಸಿಕ್ಕಾಪಟ್ಟೆ ಏರಿಸಿದ್ದರು. ಅಂಥ ಇಂಜಿನ್ನಿಗೆ ಕೋಲ್ಡ್ ಪ್ಲಗ್ ಹಾಕಬೇಕು, ಅದು ಬಿಸಿಯನ್ನು ಬೇಗ ಬಿಟ್ಟುಕೊಡುತ್ತದೆ. ಹಾಟ್ ಪ್ಲಗ್ ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದರ ತುದಿ ಕೆಂಡವಾದರೆ ಕಿಡಿ ಹಾರುವ ಮೊದಲೇ ಪೆಟ್ರೋಲಿಗೆ ಬೆಂಕಿ ಹತ್ತಿ ಪಿಸ್ಟನ್ ಕಚ್ಚಿಕೊಳ್ಳುತ್ತದೆ, ಹಿಂದಿನ ಚಕ್ರ ಇದ್ದಲ್ಲೇ ನಿಂತುಬಿಡುತ್ತದೆ. ಇದೆಲ್ಲ ತನುಜಳಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಹಿಂದಿನ ರೇಸಿನಲ್ಲಿ ಕೋಲ್ಡ್ ಪ್ಲಗ್ ಮಸಿ ಕಟ್ಟಿ, ಗಾಡಿ ಗೆರೆ ದಾಟದೆ ಕೆಮ್ಮಿ ನಿಂತಿತ್ತು. ಜನ ನಕ್ಕಿದ್ದರು. ವೇಣು ಅದನ್ನು ಮರೆತ, ಇವಳು ಮರೆಯಲಿಲ್ಲ.

"ಕೋಲ್ಡೇ ಹಾಕಣ ಅಕ್ಕ," ಅಂದಿದ್ದ ಅವನು.

"ಮತ್ತೆ ನಿಂತೋದ್ರೆ? ಒಂದು ಸ್ಟೆಪ್ ಹಾಟ್ ಹಾಕ್ತೀನಿ. ಏನಾಗಲ್ಲ, ಸುಮ್ನಿರು ಕಣೋ."

ಅವನು ಸ್ಪ್ಯಾನರ್ ಎತ್ತಿಕೊಟ್ಟ. ಅಕ್ಕನಿಗೆ ಎದುರಾಡಿ ಅವನಿಗೆ ಅಭ್ಯಾಸವಿರಲಿಲ್ಲ.

ಓಡಿ ನಿಂತ ಇಂಜಿನ್ನಿನ ಪ್ಲಗ್ ಬಿಚ್ಚಿ ತುದಿಯ ಪಿಂಗಾಣಿಯ ಬಣ್ಣ ನೋಡಿದರೆ ಒಳಗೆ ಏನು ನಡೆಯಿತೆಂದು ತಿಳಿಯುತ್ತದೆ. ಕಾಫಿ ಬಣ್ಣವಿದ್ದರೆ ಆರಿಸಿದ್ದು ಸರಿ. ಕಪ್ಪಗಿದ್ದರೆ ಬಿಸಿ ಸಾಲದು. ಬೆಳ್ಳಗೆ ಸುಟ್ಟಿದ್ದರೆ ವಿಪರೀತ ಬಿಸಿಯಾಗಿದೆ. ಗಾಡಿ ನಿನ್ನೆಯೇ ಜಂಗಮಕೋಟೆಯ ಅಪ್ಪನ ಮನೆಗೆ ಬಂದಿತ್ತು, ಅವಳು ಮುಟ್ಟಿರಲಿಲ್ಲ. ಇವತ್ತು ಎಡೆ ಇಟ್ಟಾದ ಮೇಲೆ ಬಿಚ್ಚಿ ನೋಡಬೇಕು. ಕಾಫಿ ಬಣ್ಣವಿದ್ದರೆ ಬರೀ ಅಕ್ಕನಾಗಿ ಕೂತು ಅಳಬಹುದು ಎಂದುಕೊಂಡಿದ್ದಳು.

ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಫೋಟೋದ ಮುಂದೆ ಇಡಬೇಕಲ್ಲ. ಮುದ್ದೆ, ಕೋಳಿ ಸಾರು, ಕಿತ್ತಳೆ ಸೋಡ ಇಟ್ಟರು. ಪಕ್ಕದಲ್ಲಿ ಗಾಡಿ ನಿಲ್ಲಿಸಿದರು. ಸೊಟ್ಟಗಾದ ಹ್ಯಾಂಡಲ್ ಸಹಿತ ಅದು ಫಳಫಳ ಹೊಳೆಯುತ್ತಿತ್ತು.

"ಬೆಳಿಗ್ಗೆಯಿಂದ ತಿಕ್ಕಿದೀನಿ," ಅಂದ ಅಪ್ಪ ಎರ್ರಪ್ಪ. "ಪ್ಲಗ್ಗೂ ಬಿಚ್ಚಿ ಎಮರಿ ಪೇಪರಲ್ಲಿ ಉಜ್ಜಿ ಹಾಕ್ದೆ."

ತನುಜ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟಳು. ಅಪ್ಪ ಬದುಕಿಡೀ ಮೊಪೆಡ್ಡಿನಲ್ಲಿ ರೇಷ್ಮೆಗೂಡಿನ ಮೂಟೆ ಹೇರಿಕೊಂಡು ಮಾರ್ಕೆಟ್ಟಿಗೆ ಓಡಾಡಿದವನು. ಗಾಡಿ ಎಲ್ಲಿ ನಿಂತರೂ ಪ್ಲಗ್ ಬಿಚ್ಚಿ ಮಸಿ ಉಜ್ಜಿ ಹಾಕುವುದು, ಅವನಿಗೆ ಬರುತ್ತಿದ್ದ ರಿಪೇರಿ ಅದೊಂದೇ. ಮಗನಿಗೂ ಅದನ್ನೇ ಮಾಡಿಕೊಟ್ಟಿದ್ದ.

ನೆಂಟರು ಊಟಕ್ಕೆ ಎದ್ದ ಮೇಲೆ ಅವಳು ಪ್ಲಗ್ ಬಿಚ್ಚಿದಳು. ಉಜ್ಜಿದ ಪಿಂಗಾಣಿಯ ಮೇಲೆ ಯಾವ ಬಣ್ಣವೂ ಉಳಿದಿರಲಿಲ್ಲ. ಇನ್ನು ಗೊತ್ತಾಗುವುದಿಲ್ಲ ಎಂದು ಎದೆ ಹಗುರವಾಯಿತು, ಹಗುರವಾಯಿತಲ್ಲ ಎಂದು ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಬಿಡಲಾಗಲಿಲ್ಲ.

"ಬಿಚ್ಚಿದಾಗ ಯಾವ ಬಣ್ಣ ಇತ್ತಪ್ಪ?"

"ಉಜ್ಜೋಕೆ ಏನಿತ್ತಮ್ಮ ಅದ್ರಲ್ಲಿ," ಅಂದ ಎರ್ರಪ್ಪ. ಅಷ್ಟು ದಿನಗಳಲ್ಲಿ ಮೊದಲ ಬಾರಿಗೆ ಅವನ ಮುಖ ಸ್ವಲ್ಪ ಸಡಿಲವಾಗಿತ್ತು. "ಒಂಚೂರು ಮಸಿ ಇರ್ಲಿಲ್ಲ. ಸುಣ್ಣ ಇದ್ದಂಗೆ ಬೆಳ್ಳಗಿತ್ತು. ಶಾಸ್ತ್ರಕ್ಕೆ ಅಂತ ಉಜ್ದೆ ಅಷ್ಟೆ. ನನ್ನ ಗಾಡೀಲಿ ಅಂಥ ಪ್ಲಗ್ ಒಂದಿನಾನೂ ನೋಡ್ಲಿಲ್ಲ. ಯಾರು ಆರ್ಸಿದ್ದು, ಅವ್ನೇನಾ?"

"ನಾನಪ್ಪ."

"ಒಳ್ಳೇದೇ ಆರ್ಸಿದ್ದೆ ಬಿಡಮ್ಮ," ಅಂದು ಅಪ್ಪ ಅವಳ ತಲೆ ಸವರಿದ.