ನಿಜದ ಗುಂಡಿಗಳು

ಎಲ್ಲಿಂದ ಶುರು ಮಾಡಲಿ? ಆಸ್ಪತ್ರೆಯಿಂದ ಅಂದುಕೊಂಡೆ. ಡಾಕ್ಟರು ಕನ್ನಡಕ ತೆಗೆಯುತ್ತಾರೆ, "ನಿಮ್ಮ ಮಗಳು ಎಲ್ಲರ ಹಾಗಲ್ಲ" ಎನ್ನುತ್ತಾರೆ, ಹೊರಗೆ ಧೋ ಎಂದು ಮಳೆ. ಓದುಗರೇ, ಕರ್ಚೀಫ್ ತೆಗೆದಿಟ್ಟುಕೊಳ್ಳಿ.

"ಆವತ್ತು ಸುಡುಬಿಸಿಲು ಸಾರ್," ಎಂದಳು ನನ್ನ ನಾಯಕಿ, ಹೊಲಿಗೆ ಮೆಷಿನ್ನಿನಿಂದ ತಲೆ ಎತ್ತದೆ. "ಅತ್ತಿದ್ದೆಲ್ಲ ಆಮೇಲೆ. ಆಗ ನಂಗೆ ಸಿಕ್ಕಾಪಟ್ಟೆ ಹಸಿವಾಗಿತ್ತು."

ಮೊದಲ ಡ್ರಾಫ್ಟ್ ಕಸದ ಬುಟ್ಟಿಗೆ.

೨.
(೧ ಎಲ್ಲಿ ಎಂದು ಕೇಳಬೇಡಿ, ಬುಟ್ಟಿಯಲ್ಲಿದೆ.)

ಇವಳು ಟೈಲರ್. ಗಂಡ ಲಾರಿ ಮೆಕ್ಯಾನಿಕ್. ಮಗಳಿಗೆ ಹನ್ನೊಂದು, ಅವಳ ಬೆರಳುಗಳು ಹೇಳಿದ ಮಾತು ಕೇಳುವುದಿಲ್ಲ. ಅದಕ್ಕೇ ಅಮ್ಮ ಅವಳ ಅಂಗಿಗಳಿಗೆಲ್ಲ ಒತ್ತಿದರೆ ಅಂಟಿಕೊಳ್ಳುವ ವೆಲ್ಕ್ರೋ ಪಟ್ಟಿ ಹೊಲಿದಳು. ಯಾರಿಗೂ ಗೊತ್ತಾಗದಿರಲೆಂದು ಮೇಲೆ ಸುಳ್ಳು ಗುಂಡಿ ಬೇರೆ. ಟೈಲರ್ ಅಮ್ಮ ಮಾತ್ರ ಮಾಡಬಲ್ಲ ತಪ್ಪು.

ಮೊನ್ನೆ ಮಗಳು ಒಂದು ಗುಂಡಿ ಹಿಡಿದು ಜಗ್ಗಿದಳು. "ಇದು ಬಿಚ್ಚಲ್ಲ. ನಂಗೆ ನಿಜದ್ದು ಬೇಕು."

ಅಮ್ಮ ಪಟ್ಟಿ ಕಿತ್ತು ಬಿಸಾಡಿದಳು. ಆರು ಗುಂಡಿ, ಅವು ತೂರಲು ಆರು ಕಾಜಾ ಹೊಲಿದಳು.

೩.
ಇವತ್ತು ಆ ಅಂಗಿಯಲ್ಲೇ ಸ್ಕೂಲಿಗೆ. ಯಾರೂ ಕೈ ಹಾಕಬಾರದು ಎಂದು ಮಗಳ ಆರ್ಡರ್. ಕೆಳಗೆ ವ್ಯಾನಿನವನು ಹಾರ್ನ್ ಹೊಡೆಯುತ್ತಿದ್ದಾನೆ. ಹದಿನೆಂಟು ನಿಮಿಷಕ್ಕೆ ಐದು ಗುಂಡಿ ಆಯಿತು.

(ಇಲ್ಲೇ ಚಪ್ಪಾಳೆ ಹೊಡೆಸಿ ಶುಭಂ ಅಂದುಬಿಡಲೇ?)

ಆಗಲ್ಲ. ಆರನೆಯ ಗುಂಡಿಗೆ ಕಾಜಾವೇ ಉಳಿದಿಲ್ಲ. ಮೊದಲನೆಯದೇ ಎರಡನೆಯ ಕಾಜಾಕ್ಕೆ ಹೋಗಿತ್ತು.

"ನಿಮಗೆ ಮೊದಲೇ ಕಂಡಿರಬೇಕಲ್ಲ ತಾಯಿ?"

"ಕಾಣದೇ ಇರತ್ತಾ? ಬಾಯಿಗೆ ಬೀಗ ಹಾಕ್ಕೊಂಡು ಕೂತಿದೀನಿ."

ಅಂತ್ಯ ಅ: ಅಮ್ಮ ಓಡಿಬಂದು ಸರಿಮಾಡುತ್ತಾಳೆ. ಅಂತ್ಯ ಆ: ಮಗಳು ಬಿಕ್ಕಿ ಬಿಕ್ಕಿ ಅಳುತ್ತಾಳೆ, ನನಗೊಂದು ಬಹುಮಾನ ಬರುತ್ತದೆ.

"ಸಾರ್, ಆ ಪೆನ್ನು ದೂರ ಇಡಿ," ಎಂದಳು ಅಮ್ಮ. ಇಟ್ಟೆ.

೪.
ಮಗಳು ಬಗ್ಗಿ ನೋಡಿಕೊಂಡಳು. ಕನ್ನಡಿಯಲ್ಲೊಮ್ಮೆ ನೋಡಿದಳು. ಆಮೇಲೆ, ನನ್ನನ್ನು ಒಂದು ಮಾತೂ ಕೇಳದೆ, ಐದೂ ಗುಂಡಿ ಬಿಚ್ಚಿಬಿಟ್ಟಳು. ಪೆನ್ನು ಕೈಯಲ್ಲಿಲ್ಲದಿದ್ದರೂ ಹೇಳುತ್ತೇನೆ, ನನಗೆ ಎದೆ ತುಂಬಿ ಬಂತು.

ಮತ್ತೆ ಹಾರ್ನ್. ಅಪ್ಪ ಕಿಟಕಿಯಿಂದ ಬೀದಿಗೆಲ್ಲ ಕೇಳುವಂತೆ ಕೂಗಿದ: "ಸ್ವಲ್ಪ ತಡಿಯಣ್ಣಾ! ನನ್ನ ಮಗಳು ಗುಂಡಿ ಹಾಕ್ಕೋತಿದಾಳೆ!"

"ಇನ್ನೂ ಎಷ್ಟ್ ಹೊತ್ತು?"

"ಎಷ್ಟಾಗತ್ತೋ ಅಷ್ಟು!"

ಅಮ್ಮ ಮೆಷಿನ್ ನಿಲ್ಲಿಸಿ ಕೈಕಟ್ಟಿ ಕೂತಿದ್ದಾಳೆ. ಕಣ್ಣು ಮಾತ್ರ ಮಗಳ ಮೇಲೆ.

ಮೊದಲನೆಯ ಗುಂಡಿ ಮೊದಲನೆಯ ಕಾಜಾದಲ್ಲಿದೆ. ಮುಂದೇನು ಎಂದು ನೀವು ಕೇಳುತ್ತೀರಿ. ಎರಡನೆಯದು ಹೇಗೆ ಸೇರುತ್ತದೆಂದು ಬರೆಯಲು ಮೆಲ್ಲಗೆ ಪೆನ್ನಿಗೆ ಕೈ ಚಾಚಿದೆ.

"ಅಂಕಲ್," ಎಂದಳು ಮಗಳು, ತಲೆ ಎತ್ತದೆ. "ನೀವೂ ಸುಮ್ನಿರಿ."