ಅರ್ಧ ಪುಟದ ಖಾಲಿ ಜಾಗ

ನನ್ನ ಅಕ್ಷರ ತೀರಾ ಚೆಂದ. ಅದೇ ನನ್ನ ಚಿಂತೆ. ಯಾರಿಗೆ ಹೇಳಿದರೂ ನಗುತ್ತಾರೆಂದು ದಿನಚರಿಯಲ್ಲಷ್ಟೇ ಬರೆದುಕೊಂಡಿದ್ದೇನೆ. ಗೀಚು ಅಕ್ಷರದವರು ಸುಳ್ಳು ಬರೆದರೆ ಓದುವವರು ಒಮ್ಮೆಯಾದರೂ ಹುಬ್ಬು ಗಂಟಿಕ್ಕುತ್ತಾರೆ. ನಾನು ಏನು ಬರೆದರೂ ಅದು ನಿಜದಂತೆಯೇ ಕಾಣುತ್ತದೆ.

ಈ ಅಕ್ಷರದಿಂದಲೇ ನನಗೆ ಮಹಾನಗರಪಾಲಿಕೆಯಲ್ಲಿ ಕೆಲಸ ಸಿಕ್ಕಿದ್ದು. ನನ್ನ ಇತಿಹಾಸದ ಎಂ.ಎ. ಯಾರಿಗೂ ಬೇಕಿರಲಿಲ್ಲ. ಸಭೆಯ ಕಾಗದಪತ್ರ ನೋಡಿಕೊಳ್ಳುವ ನಗರಸಚಿವ ಟೆಂಬೆ ಸಾಹೇಬರು ಅರ್ಜಿಯನ್ನು ದೂರ ಹಿಡಿದು ನೋಡಿ, "ಮುತ್ತು ಪೋಣಿಸಿದಂಗ ಐತಿ" ಎಂದರು. ಸಭೆಯಲ್ಲಿ ಯಾರು ಏನು ಹೇಳಿದರು, ಯಾವ ಠರಾವು ಆಯಿತು ಎಂಬುದನ್ನು ನಡಾವಳಿ ಪುಸ್ತಕದಲ್ಲಿ ಬರೆಯುವುದು ನನ್ನ ಪಾಲಿಗೆ ಬಂತು. ಮಾತಾಡುವ ಕೆಲಸವಲ್ಲವಲ್ಲ ಎಂದು ನೆಮ್ಮದಿಯಾಗಿತ್ತು. ಮೊದಲ ದಿನವೇ ಸಾಹೇಬರು ಒಂದು ಪಾಠ ಹೇಳಿಕೊಟ್ಟರು.

"ನೋಡು ಅಲಕಾ, ಸಭಾ ಮುಗದ ಮ್ಯಾಲ ಕಡೀ ಪುಟದಾಗ ಅರ್ಧ ಖಾಲಿ ಬಿಡಬೇಕು. ಮಹಾಪೌರರ ಸಹಿ ಪುಟದ ತಳದಾಗ. ನಡುವಿನ ಜಾಗಾ ಕೊನೆಗಳಿಗೆಯ ವಿಷಯಕ್ಕ."

ಸಭೆ ಏಳುವ ಹೊತ್ತಿಗೆ ಯಾರಾದರೂ ತುರ್ತಾಗಿ ಏನಾದರೂ ಎತ್ತುತ್ತಾರೇನೋ ಎಂದುಕೊಂಡಿದ್ದೆ. ಆ ಕೊನೆಗಳಿಗೆ ಸಭೆ ಮುಗಿದು ಮೂರು ನಾಲ್ಕು ದಿನಕ್ಕೆ ಬರುತ್ತದೆಂದು ಆಮೇಲೆ ತಿಳಿಯಿತು. ವಾರ್ಡುಗಳಿಂದ ಆರಿಸಿ ಬಂದ ನಗರಸೇವಕರು ಚೀಟಿ ಕಳಿಸುವರು, ಸಾಹೇಬರು ಓದಿ ಹೇಳುವರು, ನಾನು ಬರೆಯುವೆ. ಇಂಥ ಗಟಾರಕ್ಕೆ ಚಪ್ಪಡಿ, ಇಂಥ ಚೌಕಕ್ಕೆ ಇಂಥವರ ಅಪ್ಪನ ಹೆಸರು. ಮುಂದಿನ ಸಭೆಯಲ್ಲಿ ಎಲ್ಲರೂ "ಹಿಂದಿನ ನಡಾವಳಿ ಕಾಯಂ" ಎಂದು ಕೂಗಿದರೆ ಮುಗಿಯಿತು. ಆಡದ ಮಾತು ಆಡಿದ್ದಾಗುತ್ತಿತ್ತು. ಸಭಾಗೃಹದ ಗೋಡೆಯ ಮೇಲೆ ಸಾಲಾಗಿ ಫೋಟೋದಲ್ಲಿ ತೂಗುವ ಮೀಸೆಯ ಹದಿನಾರು ಮಹಾಪೌರರೂ ಖಾಲಿ ಜಾಗದ ಕೆಳಗೆ ಸಹಿ ಮಾಡಿದವರೇ.

ಹದಿನೇಳನೆಯವರು ಭಾಮಾಬಾಯಿ ತಾಂದಳೆ. ಆ ವರ್ಷ ಖುರ್ಚಿ ಹೆಂಗಸರಿಗೆ ಮೀಸಲಾಗಿತ್ತು. ಊರಿನ ಕಾಯಿಪಲ್ಯೆ ಪೇಟೆ ಮಂಡಯಿಯಲ್ಲಿ ಇಪ್ಪತ್ತೆರಡು ವರ್ಷ ಮೆಂತ್ಯದ ಸೂಡು ಮಾರಿದವರು, ಏಳನೇ ಇಯತ್ತೆ ಓದಿದವರು, ಹೇಳಿದ ಕಡೆ ಹೆಬ್ಬೆಟ್ಟು ಒತ್ತಿದಂತೆ ಸಹಿ ಹಾಕುತ್ತಾರೆ ಎಂದು ಪಕ್ಷದವರೇ ಆರಿಸಿ ಕೂರಿಸಿದ್ದರು. ಅವರ ಗಂಡ ಸರ್ಜೇರಾವರು ಗಂಜಿ ಹಾಕಿದ ಟೋಪಿ ತೊಟ್ಟು ದಿನವೂ ಪಕ್ಕದ ಖುರ್ಚಿಯಲ್ಲಿ ಕೂರುತ್ತಿದ್ದರು. ಬಂದವರು ಹಾರವನ್ನು ಅವರಿಗೇ ಹಾಕುತ್ತಿದ್ದರು. ಎಂಟನೇ ದಿನ ಭಾಮಾಅಕ್ಕ ಜವಾನನನ್ನು ಕರೆದರು.

"ಗಣಪಾ, ಆ ಖುರ್ಚಿ ಒಯ್ದು ಪಡಸಾಲ್ಯಾಗ ಇಡು. ಇವರಿಗೆ ಒಳಗ ಸೆಕಿ ಆಗತೈತಿ."

ಖುರ್ಚಿ ಹೊರಗೆ ಹೋಯಿತು, ಗಂಡನೂ ಹೋದರು. ಆದರೂ ಜನ ಮೊದಲು ಅಲ್ಲಿ ನಮಸ್ಕಾರ ಮಾಡಿಯೇ ಒಳಗೆ ಬರುತ್ತಿದ್ದರು.

ಅಕ್ಕನಿಗೆ ಬೇಕಾಗಿದ್ದದ್ದು ಒಂದೇ. ಮಂಡಯಿಯ ಹಿಂದಿರುವ ಪಾಲಿಕೆಯ ಖಾಲಿ ಜಾಗದಲ್ಲಿ ಹೆಂಗಸರಿಗೆ ಸಂಡಾಸು ಮತ್ತು ನೀರಿನ ನಲ್ಲಿ. ಒಮ್ಮೆ ನನ್ನನ್ನೇ ಕೇಳಿದರು, "ನಸುಕಿನ್ಯಾಗ ಬಂದು ಕುಂತ ಹೆಂಗಸರು ಸಂಜೀತನಕ ಒಂದು ಗುಟುಕು ನೀರ ಕುಡ್ಯಂಗಿಲ್ಲ. ಯಾಕಂತ ಗೊತ್ತೇನ, ಪೋರಿ?" ಗೊತ್ತಿತ್ತು. ತಲೆ ತಗ್ಗಿಸಿದೆ. ಅದೂ ಒಂದು ಉತ್ತರವೆಂದು ಆಗೆಲ್ಲ ತಿಳಿದಿದ್ದೆ.

ಫೈಲು ನಾಲ್ಕು ತಿಂಗಳು ತಿರುಗಿತು. ಕಟ್ಟಡ ಕಟ್ಟಿಸುವ ಬಾಂಧಕಾಮದವರು ನೀರಿನವರನ್ನು ಕೇಳಿ ಎಂದರು. ನೀರಿನವರು ಆರೋಗ್ಯದವರನ್ನು, ಆರೋಗ್ಯದವರು ಮತ್ತೆ ಬಾಂಧಕಾಮದವರನ್ನು. ಕೆಂಪು ದಾರದ ಆ ಕಟ್ಟು ಪ್ರತಿ ಸಲ ಇನ್ನೊಂದು ಪ್ರಶ್ನೆ ಹೊತ್ತು ಮೇಜಿಗೆ ಮರಳುತ್ತಿತ್ತು. "ಇದಕ್ಕಿಂತ ನಮ್ಮನಿ ಎಮ್ಮಿ ಚಲೋ. ಹಿಂದಿಂದ ಚುಚ್ಚಿದರ ಮುಂದಕ್ಕರೆ ಹೋಗತಿತ್ತು" ಎಂದು ಅಕ್ಕ ಅದನ್ನು ಅತ್ತ ನೂಕುತ್ತಿದ್ದರು. ನನಗೆ ನಗು ಬರುತ್ತಿತ್ತು, ಅವರಿಗೆ ಬರುತ್ತಿರಲಿಲ್ಲ.

ಕೊನೆಗೆ ಅವರೇ ವಿಷಯವನ್ನು ಸಭೆಗೆ ತಂದರು. ಅವರದೇ ಪಕ್ಷದ ಮುಖಂಡ ಬಂಡೋಪಂತ ಸಾಳವಿ ಎದ್ದು ನಿಂತರು.

"ಅಕ್ಕಾ, ಹಿಂದಿನವರು ನಾಟ್ಯಗೃಹ ಕಟ್ಟಿಸ್ಯಾರ, ಪುತ್ಥಳಿ ನಿಲ್ಲಿಸ್ಯಾರ. ನೀವು ಸಂಡಾಸ ಕಟ್ಟಸ್ತೀರಿ. ನಾಳೆ ನಿಮ್ಮ ಫೋಟೋ ಎಲ್ಲಿ ಹಾಕೂಣು? ಈ ಗ್ವಾಡಿಗೋ, ಆ ಗ್ವಾಡಿಗೋ?"

ಸಭಾಗೃಹವೆಲ್ಲ ನಕ್ಕಿತು. ಅಕ್ಕ ನಗು ನಿಲ್ಲುವವರೆಗೆ ಕಾದರು.

"ಆ ಗ್ವಾಡಿಗೇ ಹಾಕ್ರಿ, ಬಂಡೂದಾದಾ. ಇಲ್ಲಿಗಿಂತ ಅಲ್ಲಿ ನಾತ ಕಡಿಮಿ ಇರತೈತಿ."

ಗ್ಯಾಲರಿಯಲ್ಲಿದ್ದ ಮಂಡಯಿ ಹೆಂಗಸರು ಚಪ್ಪಾಳೆ ಹೊಡೆದರು. ಠರಾವು ಪಾಸಾಯಿತು. ಒಂದೊಂದು ಶಬ್ದವನ್ನೂ ನಾನು ಖುಷಿಯಿಂದ ಬರೆದೆ. ಸಭೆ ಮುಗಿದ ಮೇಲೆ ಪುಸ್ತಕ ಹಿಡಿದು ಹೋದೆ. ಇಷ್ಟು ತಿಂಗಳು ತೋರಿಸಿದಲ್ಲಿ ಸಹಿ ಹಾಕಿದ್ದ ಅಕ್ಕ ಈ ಸಲ ಪೆನ್ನು ಎತ್ತಿ ನಿಲ್ಲಿಸಿದರು.

"ಇದ್ಯಾಕ ನಡುವ ಖಾಲಿ ಐತಿ?"

"ಪದ್ಧತಿ ರೀ, ಅಕ್ಕಾ" ಎಂದೆ.

ಅಷ್ಟೇ ಎಂದೆ. ಅವರು ನನ್ನ ಮುಖ ನೋಡಿದರು, ನಂಬಿದರು, ಪುಟದ ತಳದಲ್ಲಿ ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದರು.

ಮಂಗಳವಾರ ಟೆಂಬೆ ಸಾಹೇಬರು ಚೀಟಿ ಹಿಡಿದು ಬಂದು ಕೂತರು. "ಬರಿ. ಕೊನೆಗಳಿಗೆಯ ವಿಷಯ. ಸೂಚಕರು, ಮಾನ್ಯ ಮಹಾಪೌರರು." ಮಂಡಯಿ ಹಿಂದಿನ ಜಾಗವನ್ನು ವ್ಯಾಪಾರಿ ಸಂಕುಲದ ಅಂಗಡಿಗಳಿಗೆ ಕೊಡುವುದು, ಮಹಿಳಾ ಶೌಚಾಲಯವನ್ನು ಅನುಕೂಲ ನೋಡಿ ಬೇರೆಡೆ ಕಟ್ಟುವುದು. ನನ್ನ ಪೆನ್ನು 'ಬೇರೆಡೆ' ಎಂಬಲ್ಲಿ ಒಂದು ಕ್ಷಣ ನಿಂತಿತು. "ಯಾಕ, ಶಾಯಿ ಮುಗೀತೇನ?" ಎಂದರು ಸಾಹೇಬರು. ಮುಗಿದಿರಲಿಲ್ಲ. ಬರೆದೆ. ಎಂದಿನಂತೆ ಚೆಂದವಾಗಿಯೇ ಬಂತು.

ಹದಿನೈದು ದಿನಕ್ಕೆ ಆ ಜಾಗದ ಸುತ್ತ ತಂತಿಬೇಲಿ ಬಿತ್ತು. ಮಂಡಯಿಯ ಹೆಂಗಸರು ಬುಟ್ಟಿ ಸಮೇತ ಮಹಾಪೌರರ ಕೋಣೆಗೆ ನುಗ್ಗಿದರು. ಮುಂದಿದ್ದವಳು ಅಕ್ಕನ ಜೋಡಿ ಇಪ್ಪತ್ತು ವರ್ಷ ಕೂತು ಮಾರಿದ ಚಂಪಾ.

"ಖುರ್ಚಿ ಮೆತ್ತಗ ಹತ್ತೇತೇನ, ಭಾಮೇ? ಕೆಳಗ ಕುಂದ್ರೋರು ಕಾಣವಲ್ರು? ಸಂಡಾಸ ತೋರಿಸಿ ಅಂಗಡಿ ಕಟ್ಟಾಕ ಹತ್ತೀಯಲ್ಲ!"

ಅಕ್ಕ ನಡಾವಳಿ ಪುಸ್ತಕ ತರಿಸಿದರು. ಬೆರಳಿಟ್ಟು ಓದಿದರು. ತಮ್ಮ ಹೆಸರಿಗೆ ಬಂದಾಗ ಬೆರಳು ಅಲ್ಲೇ ಉಳಿಯಿತು.

"ಇದನ್ನ ನಾ ಯಾವಾಗ ಹೇಳಿದ್ನಿ?"

"ಮರ್ತಿರಬೇಕು ರೀ" ಎಂದರು ಟೆಂಬೆ ಸಾಹೇಬರು. "ಗದ್ದಲದಾಗ ಆಗತೈತಿ. ಕೆಳಗ ಸಹಿ ನಿಮ್ಮದೇ ಐತಲ್ಲ."

"ಇರ್ಲಿ ಬಿಡ, ದೊಡ್ಡವರ ಕೂಡ ಯಾಕ" ಎಂದು ಪಡಸಾಲೆಯ ಖುರ್ಚಿಯಿಂದ ಗಂಡನ ದನಿ ಬಂತು.

ಅಕ್ಕ ಚಂಪಾಳ ಕಡೆ ನೋಡಿದರು. ಚಂಪಾ ಆಗಲೇ ಬುಟ್ಟಿ ಎತ್ತಿಕೊಂಡು ಬೆನ್ನು ತಿರುಗಿಸಿದ್ದಳು. ನಾನು ಕಪಾಟಿನ ಹತ್ತಿರ ನಿಂತಿದ್ದೆ. ಅಕ್ಕ ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ ಎಂದು ಅಂದು ದಿನಚರಿಯಲ್ಲಿ ಬರೆದೆ. ಬರೆದ ಮೇಲೆ ಓದಿದೆ. ಅದೂ ನಿಜದಂತೆಯೇ ಕಂಡಿತು. ಸಿಟ್ಟು ಬಂದು ಆ ಪುಟವನ್ನು ಹರಿದೆ.

ಅಕ್ಕನಿಗೆ ಉಳಿದದ್ದು ಒಂದೇ ದಾರಿ. ಮುಂದಿನ ಸಭೆಯಲ್ಲಿ ನಡಾವಳಿ ಕಾಯಂ ಆಗುವ ಮೊದಲೇ ಅದನ್ನು ತಡೆಯಬೇಕು. ಕಾಯಂ ಆಯಿತೆಂದರೆ ಆ ಜಾಗ ಹೋದಂತೆಯೇ.

ಸಭೆ ಶುರುವಾಯಿತು. ಟೆಂಬೆ ಸಾಹೇಬರು ಬಾಯಿ ತೆರೆಯುವ ಮೊದಲೇ ಬಂಡೋಪಂತರ ಕಡೆಯವರು ಕೂಗಿದರು, "ಕಾಯಂ! ಕಾಯಂ!"

"ನಿಂದರ್ರಿ" ಎಂದರು ಅಕ್ಕ. "ಕಡೀ ವಿಷಯ ನಾ ಹೇಳಿದ್ದಲ್ಲ."

"ಅಕ್ಕಾ, ಏಳನೇ ಇಯತ್ತೆ ಓದಿದವರಿಗೆ ಏಳು ವಾರದ ಹಿಂದಿಂದು ನೆನಪಿರಲಿಕ್ಕಿಲ್ಲ" ಎಂದರು ಬಂಡೋಪಂತರು. ನಗು ಎದ್ದಿತು. ಈ ಸಲ ಗ್ಯಾಲರಿಯಿಂದ ಚಪ್ಪಾಳೆ ಬರಲಿಲ್ಲ. ಚಂಪಾ ಒಬ್ಬಳೇ ಅಲ್ಲಿ ಸೆರಗಿನ ಗಂಟು ಕಟ್ಟಿ ಕೂತಿದ್ದಳು.

"ನಾ ಹೇಳಿಲ್ಲ ಅಂದ್ರ ಹೇಳಿಲ್ಲ!" ಅಕ್ಕ ಮೇಜು ಗುದ್ದಿದರು. ದನಿ ಒಡೆಯಿತು. "ನನ್ನ ಬಾಯಾಗಿನ ಮಾತು ನನಗ ಗೊತ್ತಿಲ್ಲೇನು?"

ಟೆಂಬೆ ಸಾಹೇಬರು ನಿಧಾನ ಎದ್ದರು. "ಮಾನ್ಯ ಮಹಾಪೌರರು ಬ್ಯಾಸರಾ ಮಾಡ್ಕೋಬಾರದು. ಸಭಾದಾಗ ಕೇಳಿದ್ದನ್ನಷ್ಟೇ ನಮ್ಮ ಹುಡುಗಿ ಬರೀತಾಳ. ಬೇಕಾರ ಆಕೀನ್ನ ಕೇಳ್ರಿ."

ಅವರು ನನ್ನ ಕಡೆ ನೋಡಲೂ ಇಲ್ಲ. ಎರಡು ವರ್ಷದಲ್ಲಿ ಈ ಸಭಾಗೃಹದಲ್ಲಿ ನಾನು ಒಂದು ಶಬ್ದ ಆಡಿದ್ದನ್ನು ಅವರು ಕೇಳಿರಲಿಲ್ಲ.

ಅಕ್ಕ ನನ್ನತ್ತ ತಿರುಗಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ದಣಿವಿತ್ತು, ಸಂಜೆಯ ಹೊತ್ತಿಗೆ ಮಾರದೆ ಉಳಿದ ಸೂಡುಗಳನ್ನು ನೋಡುವವರ ದಣಿವು.

"ಹೇಳ, ಪೋರಿ."

ಎದ್ದೆ. ಪೆನ್ನು ಕೈಯಲ್ಲೇ ಇತ್ತು. ಅದನ್ನು ಪುಸ್ತಕದ ಮೇಲೆ ಇಟ್ಟೆ. ದನಿ ಯಾರದೋ ಎಂಬಂತೆ ಕೀರಲಾಗಿ ಬಂತು.

"ಅಕ್ಕಾ ಇದನ್ನ ಹೇಳಿಲ್ರಿ. ಅವರು ಸಹಿ ಮಾಡಿದಾಗ ಅಲ್ಲಿ ಖಾಲಿ ಇತ್ತು. ಇದನ್ನ ನಾ ಸಭಾ ಮುಗದ ಮ್ಯಾಲ ಮಂಗಳವಾರ ಬರದೇನಿ."