ಗೇಟಿನಾಚೆಯ ಚುಕ್ಕೆಗಳು

ಮುಂದಿನ ಸೀಟಿನವನ ಅಂಗಿಯಿಂದ ಬೀಡಿ ವಾಸನೆ, ಸೇದಿಯೇ ಬಸ್ಸು ಹತ್ತಿದ್ದಾನೆ, ಧೂಮಪಾನ ನಿಷೇಧಿಸಿದೆ ಎಂಬ ಬರಹದ ಕೆಳಗೇ ತಲೆಯಾನಿಸಿ ನಿದ್ದೆ ಹೋಗಿದ್ದಾನೆ, ಕಿಟಕಿ ತೆಗೆಯೋಣವೆಂದರೆ ಅಲ್ಲಾಡುವುದಿಲ್ಲ — ಇಪ್ಪತ್ತೆರಡು ದಿನದಿಂದ ಈ ವಾಸನೆಯೇ ನನ್ನ ಕೆಲಸ, ಯಾರು ಎಲ್ಲಿ ಎಷ್ಟು ಸೇದಿದರೆಂದು ಬರೆದು ಹಾಸನದ ಬೀಡಿ ಸಮೀಕ್ಷೆಯ ಕಚೇರಿಗೆ ಕೊಡುವುದು, ಹೊಳೆನರಸೀಪುರ ತಾಲ್ಲೂಕಿನ ಹನ್ನೆರಡು ಜನ ನನ್ನ ಪಾಲು, ಅರಕಲಗೂಡು ಚನ್ನರಾಯಪಟ್ಟಣ ಬೇರೆಯವರ ಪಾಲು, ಒಬ್ಬೊಬ್ಬರ ಸೊಂಟಕ್ಕೂ ಒಂದೊಂದು ಜಿಪಿಎಸ್ ಮೆಷಿನ್, ಅವರು ಹೋದಲ್ಲೆಲ್ಲ ನಿಮಿಷಕ್ಕೊಂದು ಚುಕ್ಕೆ ಹಾಕುತ್ತದೆ, ಸಂಜೆ ನಾನು ಸೆಲ್ ಬದಲಾಯಿಸಿ, ಕೇಳಿ, ಫಾರಂ ತುಂಬುತ್ತೇನೆ, ಎಷ್ಟು ಹೊತ್ತಿಗೆ, ಎಷ್ಟು ಬೀಡಿ, ಯಾವ ಜಾಗ, ಮನೆಗೆ ಒಂದು, ಕೆಲಸದ ಜಾಗಕ್ಕೆ ಎರಡು, ಅಂಗಡಿಗೆ ಮೂರು, ಬಸ್ ಸ್ಟಾಂಡಿಗೆ ನಾಲ್ಕು, ಇತರೆ ಐದು, ಐದು ಹಾಕಿದರೆ ಪಕ್ಕದ ಗೆರೆಯ ಮೇಲೆ ಜಾಗದ ಹೆಸರು ಬರೆಯಬೇಕು. ಬರೆಯಬೇಕಿತ್ತು. ಬರೆಯಲಿಲ್ಲ. ಇವತ್ತು ಕಚೇರಿಯಲ್ಲಿ ಶರ್ವಾಣಿ ಮೇಡಂ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು, ನನ್ನ ಹನ್ನೆರಡು ಜನರಲ್ಲಿ ಒಬ್ಬ ಪಾಪಯ್ಯ, ಅವನ ಚುಕ್ಕೆಗಳು, ಹಳೇಕೋಟೆಯಲ್ಲಿ ಒಂದು ಗುಂಪು, ಅದು ಅವನ ಮನೆ, ಪೇಟೆಯಲ್ಲಿ ಒಂದು ಗುಂಪು, ಅದು ಅವನು ಗಾರೆ ಕೆಲಸ ಮಾಡುವ ಕಟ್ಟಡ, ಮೂರನೆಯದು ನಮ್ಮ ಬೀದಿಯಲ್ಲಿ, ನಮ್ಮ ಗೇಟಿನ ಎದುರು, ರಸ್ತೆಯಾಚೆ, ಹೊಂಗೆ ಮರದ ಕೆಳಗೆ, ಇರುವೆ ಮುತ್ತಿದ ಹಾಗೆ ಕಪ್ಪಗೆ, ಅಷ್ಟು ಚುಕ್ಕೆಯಲ್ಲಿ ಒಂದಾದರೂ ರಸ್ತೆ ದಾಟಿ ಈಚೆ ಬಂದಿಲ್ಲ. ದಿನಾ ಐದೂ ಮುಕ್ಕಾಲಿಂದ ಆರೂವರೆ, ಹದಿಮೂರು ಬೀಡಿಯಲ್ಲಿ ಐದು ಇಲ್ಲೇ ಸೇದಿದಾರಲ್ಲ ಆತ್ರೇಯ, ಅಂಥಾದ್ದೇನಿದೆ ಈ ಜಾಗದಲ್ಲಿ, ನೀವು ಮನೆ ಅಂತ ಹಾಕಿದೀರ, ಇವರ ಮನೆ ಹಳೇಕೋಟೆ ಅಲ್ವಾ.

ನಮ್ಮನೆ ಮೇಡಂ, ನಾನೇ ಕಾಯಿಸ್ತಿದ್ದೆ — ಇಷ್ಟೇ ಹೇಳಬೇಕಿದ್ದದ್ದು. ದಿನಾ ಸಂಜೆ ನಾನೇ ಹಳೇಕೋಟೆಗೆ ಹೋಗಬೇಕೆಂಬುದು ನಿಯಮ, ಹೋದದ್ದು ಎರಡೇ ದಿನ, ಮೂರನೆಯ ದಿನ ನೀವೇ ಕೆಲಸ ಬಿಟ್ಟು ಹೋಗ್ತಾ ನಮ್ಮನೆ ಹತ್ರ ಬಂದುಬಿಡಿ ಪಾಪಯ್ಯ ಅಂದೆ, ಎದುರಿಗೆ ನೀವು, ಮನಸ್ಸಿನಲ್ಲಿ ಅವನು, ಬಂದ, ಅಮ್ಮ ಕಿಟಕಿಯಿಂದ ನೋಡಿದಳು, ಬಂದಿದಾನೆ ಕಣೋ ನಿನ್ನ ಬೀಡಿಯವನು, ನೀನು ಕಾಫಿ ಕುಡಿ, ನಿಂತಿರ್ತಾನೆ, ಅವನೇನು ಎಲ್ಲಿಗೆ ಹೋಗ್ತಾನೆ. ಕಾಫಿ ಕುಡಿದೆ. ಮುಖ ತೊಳೆದೆ. ಪೇಪರಿನ ಕೊನೇ ಪುಟದವರೆಗೂ ಓದಿದೆ. ಅಮ್ಮನ ಮೇಲೆ ಹಾಕಬಾರದು, ಪೇಪರು ಓದು ಅಂತ ಅಮ್ಮ ಹೇಳಿರಲಿಲ್ಲ. ಹಾಸ್ಟೆಲಿನಲ್ಲಿ ಪಾಪಯ್ಯನ ಜಾತಿಯವನೇ ಆದ ಗೆಳೆಯ ಶಿವರಾಜುವಿನ ತಟ್ಟೆಯಲ್ಲೇ ಕೈಯಿಟ್ಟು ಉಂಡವನು ನಾನು, ಅದನ್ನು ಹತ್ತು ಜನರೆದುರು ಹೇಳಿಕೊಂಡವನೂ ನಾನೇ, ಜಗಲಿ ಖಾಲಿಯಿತ್ತು, ಬಂದು ಕೂತ್ಕೊಳ್ಳಿ ಅನ್ನಲಿಲ್ಲ, ಇಪ್ಪತ್ತು ದಿನವೂ ಅನ್ನಲಿಲ್ಲ. ಒಂದು ಬೀಡಿ ಮುಗಿಯುವುದು, ನಾನು ಬರದಿರುವುದು, ಇನ್ನೊಂದು ಹಚ್ಚುವುದು, ಆರು ಗಂಟೆಯ ಹಳೇಕೋಟೆ ಬಸ್ಸು ಹೋಗಿಬಿಡುವುದು, ಇನ್ನೊಂದು. ಆ ಐದು ಬೀಡಿ ಸೇದಿಸಿದ್ದು ನಾನು. ಫಾರಂ ಹಿಡಿದಾಗ ತಲೆಕೆಳಗಾಗಿಯೇ ಓದಿ ಬೆರಳಿಟ್ಟು ಹೇಳಿದ್ದ, ಐದು ಆಕಿ ಸಾ, ನಿಮ್ ಗೇಟ್ ತಾವ ಅಂತ ಬರೀರಿ, ಮನೆ ಅಂದ್ರೆ ಸುಳ್ಳಾಯ್ತದೆ. ಒಂದು ಹಾಕಿದೆ. ಮೇಡಂ ಕೇಳಿದಾಗ — ಅವರಿಗೆ ಓದು ಬರಹ ಇಲ್ಲ ಮೇಡಂ, ಏನು ಕೇಳಿದ್ರೂ ಮನೆ ಅಂತಾರೆ. ಎಷ್ಟು ಸಲೀಸಾಗಿ ಬಂತು. ಮೇಡಂ ನಿಟ್ಟುಸಿರು ಬಿಟ್ಟು ಪಟ್ಟಿಯಲ್ಲಿ ಹದಿನೇಳನೇ ನಂಬರಿನ ಮೇಲೆ ಗೀಟೆಳೆದರು, ನಂಬೋಕಾಗದ ಉತ್ತರ ಇಟ್ಕೊಂಡು ಏನ್ಮಾಡೋದು, ಬಿಟ್ಟುಬಿಡೋಣ ಇವರನ್ನ, ಮೆಷಿನ್ ವಾಪಸ್ ತಗೊಳ್ಳಿ. ಮೂವತ್ತು ದಿನ ಮುಗಿಸಿದವರಿಗೆ ಎದೆ ಪರೀಕ್ಷೆ, ಬೀಡಿ ಬಿಡಲು ಔಷಧ, ಡಾಕ್ಟರು ತಾವೇ ಕೂತು ನೋಡುತ್ತಾರೆ, ಪಾಪಯ್ಯ ಒಪ್ಪಿದ್ದೇ ಅದಕ್ಕೆ, ಕೆಮ್ಮುದ್ರೆ ಕೆಂಪಗೆ ಬತ್ತದೆ ಸಾ, ಮನೇಲಿ ಯೇಳಿಲ್ಲ, ಅಂದಿದ್ದ, ನನಗೆ ಹೇಳಿದ್ದ, ಇನ್ನು ಎಂಟೇ ದಿನ ಇತ್ತು, ಗೀಟೆಳೆಯುವಾಗ ಪೆನ್ನಿನ ಕೆಳಗೆ ಕೈಯಿಡಬಹುದಿತ್ತು, ಬಸ್ಸು ನಿಂತಿತು, ಇಳಿಯಬೇಕು.

ಮರದ ಕೆಳಗೆ ಇದ್ದಾನೆ. ನನ್ನನ್ನು ಕಂಡು ಎದ್ದು ಕೈಯನ್ನು ಬೆನ್ನ ಹಿಂದೆ ಇಟ್ಟ, ಐವತ್ತು ದಾಟಿದವನು, ಇಪ್ಪತ್ನಾಲ್ಕರ ನನ್ನೆದುರು. ಇವತ್ತು ಬೆಳಗಿಂದ ಮೂರೇ ಕಣ್ಸಾ, ತಡ್ಕೊಂಡಿವ್ನಿ, ಬರ್ಕೊಳಿ. ಬರೆಯೋದಿಲ್ಲ, ಮೆಷಿನ್ ವಾಪಸ್ ಕೊಡಬೇಕಂತೆ ಅಂದೆ. ನಗು ಹಾಗೇ ನಿಂತಿತು, ಯಾಕ್ ಸಾ, ನಾನೇನಾರ ತಪ್ಪು ಯೇಳ್ಬುಟ್ನಾ. ಈಗಲಾದರೂ, ಗೇಟು ನಾಲ್ಕು ಹೆಜ್ಜೆ, ಒಳಗೆ ಬನ್ನಿ ಅಂದರೆ ಆಯಿತು, ನಾಳೆ ಹಾಸನಕ್ಕೆ ಹೋಗಿ ನಾನೇ ಸುಳ್ಳು ಹೇಳಿದ್ದು ಅಂದರೆ ಆಯಿತು, ಕೆಲಸ ಹೋಗುತ್ತದೆ, ಹೋಗಲಿ ಅನ್ನಲು ಬಾಯಿ ತೆರೆದೆ — ಇಲ್ಲ ಇಲ್ಲ, ಮೆಷಿನ್ ಕೆಟ್ಟಿದೆಯಂತೆ. ಸೊಂಟದಿಂದ ಬಿಚ್ಚಿದ, ಟವೆಲಿನಿಂದ ಒರೆಸಿದ, ಕಣ್ಣಿನ ಹತ್ತಿರ ಹಿಡಿದು ನೋಡಿದ, ಕೆಟ್ಟಿಲ್ಲ ಬುಡಿ ಸಾ, ಲೈಟ್ ಉರೀತಾ ಅದೆ. ಅಂಗಾರೆ ಆ ಡಾಕ್ಟ್ರು ನೋಡದು? ಹೇಳಿ ಕಳಿಸ್ತಾರೆ ಅಂದೆ. ಅವನು ನನ್ನ ಮುಖವನ್ನೇ ನೋಡುತ್ತಿದ್ದ, ಗೊತ್ತಾಯಿತು ಅವನಿಗೆ, ಗೊತ್ತಾಯಿತೆಂಬುದನ್ನು ತೋರಿಸದಿರುವಷ್ಟು ಮರ್ಯಾದೆಯನ್ನೂ ಅವನೇ ಕೊಟ್ಟ, ಆಯ್ತು ಸಾ, ಬತ್ತೀನಿ. ತಿರುವಿನಲ್ಲಿ ಕೆಮ್ಮು ಕೇಳಿತು, ನಿಂತು ಕೆಮ್ಮಿ ಮತ್ತೆ ನಡೆದಿರಬೇಕು, ನನಗೆ ಹಗುರವಾಯಿತು, ನಿಜಕ್ಕೂ ಹಗುರವಾಯಿತು, ಇನ್ನು ಯಾರೂ ನಿಂತಿರುವುದಿಲ್ಲ, ಥೂ.

ಗೇಟು ದಾಟಿದೆ, ಅಂಗಳ, ಜಗಲಿ, ಅಮ್ಮ ಒಳಗಿನಿಂದಲೇ, ಅದೇನೋ ಕೈಯಲ್ಲಿ, ಅವನ ಸೊಂಟದಲ್ಲಿದ್ದದ್ದಾ, ಹೊರಗೇ ಇಟ್ಟು ಬಾ. ಹಸಿರು ದೀಪ ಮಿಣುಕುತ್ತಿದೆ, ಆರಿಸಲು ಮರೆತಿದ್ದೇನೆ, ಇದು ಇನ್ನೂ ಹದಿನೇಳನೇ ನಂಬರು, ಇನ್ನೂ ಪಾಪಯ್ಯ, ರಸ್ತೆ ದಾಟಿದ, ಅಂಗಳ ದಾಟಿದ, ಇಪ್ಪತ್ತೆರಡು ದಿನದಲ್ಲಿ ಮೊದಲ ಸಲ, ಇದನ್ನು ಯಾರೂ ತೆರೆದು ನೋಡುವುದಿಲ್ಲ, ಒಳಗಿಡಲಾರೆ, ಹೊರಗಿಡಲಾರೆ, ಹೊಸಿಲ ಮೇಲೆ ನಿಂತಿದ್ದೇನೆ, ನಿಮಿಷ ಕಳೆಯಿತು, ಒಂದು ಚುಕ್ಕೆ, ಮತ್ತೆ ನಿಮಿಷ, ಅದೇ ಜಾಗದಲ್ಲಿ, ಅದರ ಮೇಲೇ, ಇನ್ನೊಂದು ಚುಕ್ಕೆ